ಬಲಗಡೆಯ ವೈಪರ್

ಹಳೆಯ ನೀಲಿ ಕಾರಿನ ಗಾಜಿನ ಮೇಲಿದ್ದ ವೈಪರನ್ನು ದೊಂಕಾ ಒತ್ತಿ, ತಿರುಗಿಸಿ, ಕಳಚಿ ಕೈಚೀಲಕ್ಕೆ ಹಾಕಿಕೊಂಡಳು. ಆಮೇಲೆ ಬಟ್ಟೆ ಒಗೆಯುವ ಯಂತ್ರಗಳ ಕಡೆ ಹೊರಟಳು.

ಹಳೆಯ ರೇಡಿಯೋ ನೋಡುತ್ತಿದ್ದ ಲ್ಯುಬೆನ್ ತಲೆ ಎತ್ತಿದ. ಮೂವತ್ತೆಂಟು ವರ್ಷ ಜೊತೆಗೆ ಬಾಳಿದ ಹೆಂಡತಿ ಹಳೆಯ ಸಾಮಾನುಗಳ ಮ್ಯೂಸಿಯಮ್ಮಿನಲ್ಲಿ ಕದ್ದಿದ್ದಳು. ಆದರೆ ಮುಖದಲ್ಲಿ ಕಳ್ಳತನವಿರಲಿಲ್ಲ. ಮನೆಗೆ ಬೀಗ ಹಾಕಿ ಬಂದವಳ ನಿರಾಳವಿತ್ತು.

“ಅಕ್ಕಾ, ಅದನ್ನ ಅಲ್ಲೇ ಸಿಕ್ಕಿಸಿಬಿಡಿ,” ಎಂದಳು ಮೂಲೆಯಲ್ಲಿ ಕಾವಲಿಗೆ ಕೂತಿದ್ದ ಹೆಂಗಸು, ಹೆಣೆಯುತ್ತಿದ್ದ ಕಾಲುಚೀಲದಿಂದ ಕಣ್ಣೆತ್ತದೆ. “ಇಲ್ಲಿಗೆ ಕಳ್ಳರು ಬರಲ್ಲ. ಟಿಕೆಟ್ ತಗೋಬೇಕಲ್ಲ.”

ದೊಂಕಾ ಕೈಚೀಲ ನೋಡಿಕೊಂಡು ಕೆಂಪಾದಳು.

“ನೀವೊಬ್ಬರೇ ಅಲ್ಲ ಬಿಡಿ. ಕಾರಿದ್ದವರ ಕೈ ಸುಮ್ಮನಿರಲ್ಲ. ನಿಮ್ಮ ಕಾರೂ ಇದೇ ನೀಲಿನಾ?” ಎಂದಳು ಕಾವಲಿನವಳು.

“ಬಿಳಿ,” ಎಂದಳು ದೊಂಕಾ.

ಕಮ್ಯುನಿಸ್ಟ್ ಸರಕಾರದ ಕಾಲದಲ್ಲಿ, ಅವರ ಊರಾದ ವಾರ್ನಾದಲ್ಲಿ ಕಾರು ನಿಲ್ಲಿಸಿದವರು ವೈಪರ್ ಕಳಚಿಯೇ ಹೋಗುತ್ತಿದ್ದರು. ಬಿಟ್ಟರೆ ಯಾರಾದರೂ ಒಯ್ಯುತ್ತಿದ್ದರು. ಅಂಗಡಿಯಲ್ಲಿ ಇನ್ನೊಂದು ಸಿಗುತ್ತಿರಲಿಲ್ಲ. ಅಕ್ಕಪಕ್ಕದವರು ಕಳಚುವುದನ್ನು ಲ್ಯುಬೆನ್ ಬಾಲ್ಕನಿಯಿಂದ ವರ್ಷಗಟ್ಟಲೆ ನೋಡಿದ್ದ. ಅಲ್ಲಿನ ಕಾರುಗಳಲ್ಲಿ ಸ್ಟಿಯರಿಂಗ್ ಎಡಗಡೆ; ಎಡಗಡೆಯ ವೈಪರ್ ಕಳಚುವುದು ಓಡಿಸುವವನ ಪಾಲು, ಬಲಗಡೆಯದು ಪಕ್ಕದಲ್ಲಿ ಕೂತವಳದು. ದೊಂಕಾ ಕಳಚಿದ್ದು ಬಲಗಡೆಯದು.

ಲ್ಯುಬೆನ್ ಹತ್ತಿರ ಯಾವತ್ತೂ ಕಾರು ಇರಲೇ ಇಲ್ಲ. ಕಾರು ಕೊಳ್ಳುವವರ ಸರದಿಪಟ್ಟಿಯಲ್ಲಿ ಹದಿನಾಲ್ಕು ವರ್ಷ ಹೆಸರಿತ್ತು. ಸರದಿ ಬರುವ ಹೊತ್ತಿಗೆ ಪಟ್ಟಿ ಬರೆದ ಸರಕಾರವೇ ಇರಲಿಲ್ಲ.

“ಯಾರದು?” ಎಂದ ಲ್ಯುಬೆನ್.

“ಏನು?”

“ಬಿಳಿ ಕಾರು.”

“ಬಾಯಿಗೆ ಬಂತು, ಅಂದೆ.”

“ಕೈಗೂ ಬಂತಲ್ಲ.”

“ಆಗ ಎಲ್ಲರೂ ಹಾಗೇ ಮಾಡ್ತಿದ್ರು, ಲ್ಯುಬೆನ್.”

“ಕಾರಿದ್ದೋರು.”

“ಹೂಂ. ಕಾರಿದ್ದೋರು.” ಅವಳು ವೈಪರನ್ನು ಹಿಂದಕ್ಕೆ ಸಿಕ್ಕಿಸಿದಳು. ನೋಡದೆಯೇ ಸಿಕ್ಕಿಸಿದಳು. “ಹಸಿವಾಗ್ತಿದೆ. ಹೊರಗೆ ಏನಾದರೂ ತಿನ್ನೋಣ.”

ಎಷ್ಟು ಸಲ ಮಾಡಿದರೆ ಕೈಗೆ ಇಷ್ಟು ರೂಢಿಯಾಗುತ್ತದೆ? ಲೆಕ್ಕದ ಮೇಷ್ಟ್ರಾಗಿದ್ದ ಲ್ಯುಬೆನ್ ಮನಸ್ಸಿನಲ್ಲೇ ಗುಣಿಸತೊಡಗಿದ. ಆ ಬಿಳಿ ಕಾರು ಓಡಿಸಿದ ಗಂಡಸಿನ ಮುಖ ಕಲ್ಪಿಸಿಕೊಳ್ಳಲು ನೋಡಿದ. ಮುಖ ಬರಲಿಲ್ಲ, ಕಾರು ಬಂತು. ತೊಳೆದ ಬಿಳಿ ಕಾರು. ಆ ಗಂಡಸಿಗೆ ಕಾರು ಎಷ್ಟು ವರ್ಷ ಕಾದ ಮೇಲೆ ಸಿಕ್ಕಿರಬಹುದು ಎಂಬ ಯೋಚನೆ ಮೊದಲು ಬಂದದ್ದಕ್ಕೆ ಲ್ಯುಬೆನ್‌ಗೆ ತನ್ನ ಮೇಲೇ ಹೇಸಿಗೆಯಾಯಿತು.

“ಬೇಕಾದರೆ ಒಳಗೆ ಕೂತ್ಕೊಳ್ಳಿ,” ಎಂದಳು ಕಾವಲಿನವಳು. “ಇದೊಂದರಲ್ಲಿ ಕೂರಬಹುದು. ಫೋಟೊ ತೆಗೀತೀನಿ.”

ಬೇಡ ಎನ್ನಬೇಕೆಂದುಕೊಂಡವನು ಎಡಬಾಗಿಲು ತೆಗೆದು ಸ್ಟಿಯರಿಂಗ್ ಮುಂದೆ ಕೂತ. ಮೊಣಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ದೊಂಕಾ ಕ್ಷಣಹೊತ್ತು ಹೊರಗೇ ನಿಂತಿದ್ದು, ಬಲಗಡೆಯಿಂದ ಹತ್ತಿದಳು. ಕೈ ಸೀಟಿನ ಕೆಳಗೆ ಹೋಯಿತು, ಸೀಟು ಹಿಂದೆ ಸರಿಯಿತು. ಕಾಲು ಚಾಚಿ ಒರಗಿದಳು. ಇಷ್ಟು ಹಗುರಾಗಿ ಕೂತ ಹೆಂಡತಿಯನ್ನು ಅವನು ಮನೆಯಲ್ಲಿ ಕಂಡಿರಲಿಲ್ಲ.

ಎದುರಿನ ಗೋಡೆಯ ಮೇಲೆ ಸಮುದ್ರದತ್ತ ಹೋಗುವ ರಸ್ತೆಯೊಂದನ್ನು ಬಣ್ಣದಲ್ಲಿ ಬರೆದಿದ್ದರು.

“ನಗಿ ಸ್ವಲ್ಪ,” ಎಂದಳು ಕಾವಲಿನವಳು.

ದೊಂಕಾ ನಗುತ್ತಿದ್ದಳು. ಕಣ್ಣು ಗೋಡೆಯ ಮೇಲಿತ್ತು.

“ನಿಧಾನ,” ಎಂದಳು, ಮೆಲ್ಲಗೆ. “ಮುಂದೆ ತಿರುವಿದೆ.”

ಗೋಡೆಯ ಮೇಲಿನ ರಸ್ತೆ ನೆಟ್ಟಗಿತ್ತು. ಲ್ಯುಬೆನ್ ಸ್ಟಿಯರಿಂಗ್ ತಿರುಗಿಸಿದ.