ಬ್ಯಾಟರಿಗೆ ಹಾಕಿದ ನೀರು

ನಮ್ಮ ಮನೆ ಬಿಂಡಿಗನವಿಲೆಯಿಂದ ಎರಡು ಮೈಲಿ ಆಚೆ, ಹೊಲದ ನಡುವೆ ಇದೆ. ಪಾಲಾದಾಗ ಊರೊಳಗಿನ ಮನೆ ಭಾವನವರಿಗೆ ಹೋಯಿತು, ನಮಗೆ ಹೊಲ ಬಂತು. ಕರೆಂಟು ಕಂಬ ನಮ್ಮ ತನಕ ಬರಬೇಕಾದರೆ ಇನ್ನೊಬ್ಬರ ಜಮೀನು ದಾಟಬೇಕು. ಅವರು ಒಪ್ಪುವುದಿಲ್ಲ. ಕುರಿ ಸಾಕಿಕೊಂಡಿರುವ ನಮಗೆ ಒಂದು ದೀಪವಿದ್ದರೆ ಸಾಕಿತ್ತು. ಆದರೆ ಮಗಳು ರಂಜಿತಳಿಗೆ ಆರು ತುಂಬುವ ಹೊತ್ತಿಗೆ ಉಬ್ಬಸ ಶುರುವಾಯಿತು. ನಾಗಮಂಗಲದ ಡಾಕ್ಟರು ಔಷಧಿಯನ್ನು ಹಬೆ ಮಾಡಿ ಕೊಡುವ ಮಿಷನ್ನು ಬರೆದುಕೊಟ್ಟರು.

"ಇದು ಯಾವಾಗ ಬೇಕಾದ್ರೂ ಓಡೋ ಹಾಗಿರಬೇಕಮ್ಮ. ಆಗಲ್ಲ ಅಂದ್ರೆ ಮಗೂನ ಕರೆಂಟಿರೋ ಕಡೆ ಇಡಿ" ಅಂದರು.

ಕರೆಂಟಿರುವ ಕಡೆ ಅಂದರೆ ಕೆ.ಆರ್. ಪೇಟೆಯಲ್ಲಿರುವ ನನ್ನ ಅಕ್ಕ ಕುಳ್ಳಮ್ಮನ ಮನೆ. "ಕಳಿಸ್ಬುಡು, ನನ್ ಮಕ್ಳ ಜೊತೆ ಬೆಳೀತದೆ" ಅಂತ ಅವಳು ಕರೆದೂ ಆಗಿತ್ತು. ನನಗೆ ಮನಸ್ಸಾಗಲಿಲ್ಲ. ರಂಜಿತ ಈಗಲೂ ನನ್ನ ಸೆರಗು ಹಿಡಿದುಕೊಂಡೇ ಮಲಗುವವಳು.

ಅದಕ್ಕೇ ಸೋಲಾರ್ ಹಾಕಿಸಿದೆವು. ನನ್ನ ಗಂಡ ಅಶೋಕ್ ಎರಡು ಟಗರು ಮಾರಿ ಪ್ಯಾನಲ್ಲು, ಇನ್ವರ್ಟರು ತಂದರು. ಬ್ಯಾಟರಿಗೆ ಬಂದಾಗ ಕೈ ಬರಿದಾಗಿತ್ತು. ನಾಗಮಂಗಲದ ಬ್ಯಾಟರಿ ಅಂಗಡಿಯ ಮುಸವ್ವಿರಣ್ಣ ಎರಡನ್ನು ಮುಂದಿಟ್ಟ. ಒಂದು ಲಿಥಿಯಂ. ಚಿಕ್ಕದು, ಎಲ್ಲ ಕಡೆಯೂ ಮುಚ್ಚಿದ ಪೆಟ್ಟಿಗೆ. ಇನ್ನೊಂದು ಆಸಿಡ್ ಬ್ಯಾಟರಿ. ಮೊಣಕಾಲೆತ್ತರ, ಮೇಲೆ ಆರು ಮುಚ್ಚಳ. ಬೆಲೆ ಲಿಥಿಯಂ ಬೆಲೆಯ ಅರ್ಧಕ್ಕಿಂತ ಕಡಿಮೆ.

"ಲಾರಿ ಬ್ಯಾಟರಿ ಇಲ್ವೇನ್ಲಾ, ಇನ್ನೂ ಅಗ್ಗಕ್ಕೆ?" ಅಂದರು ಇವರು.

"ಲಾರೀದು ಒಂದ್ ಸಲ ಇಂಜಿನ್ ಒದ್ದು ಸುಮ್ನಾಗೋದು ಕಣ್ಲಾ. ದಿನಾ ಗಂಟೆಗಟ್ಲೆ ದುಡಿ ಅಂದ್ರೆ ನಿನ್ನಂಗೇ ಮಲಗ್ಬುಡ್ತದೆ." ಮುಸವ್ವಿರಣ್ಣ ನಕ್ಕು ನನ್ನ ಕಡೆ ತಿರುಗಿದ. "ನೋಡವ್ವ, ಲಿಥಿಯಂ ತಗಂಡೋದ್ರೆ ಮರ್ತ್ಬುಡ್ಬೋದು. ಈ ಆಸಿಡಿಂದು ಎಳೆ ಮಗ ಇದ್ದಂಗೆ. ನೀರು ನೋಡ್ತಿರ್ಬೇಕು."

"ಎಳೆ ಮಗ ಅಂದ್ರೆ ನಾನ್ ನೋಡ್ಕತೀನಿ ಬುಡಣ್ಣ. ಅಗ್ಗದ್ದೇ ಕೊಡು" ಅಂದೆ.

ಎರಡು ಕ್ಯಾನು ಡಿಸ್ಟಿಲ್ ನೀರನ್ನೂ ಕೊಟ್ಟು, ಗೆರೆ ದಾಟಿ ತುಂಬಬೇಡ, ಬೇರೆ ನೀರು ಹಾಕಬೇಡ ಅಂತ ಹೇಳಿ ಕಳಿಸಿದ.

ನೋಡಿಕೊಂಡೆ. ಪ್ರತಿ ಸೋಮವಾರ ಕೊಟ್ಟಿಗೆ ಗುಡಿಸಿ, ಕೈ ತೊಳೆದುಕೊಂಡು ಬಂದು ಬ್ಯಾಟರಿ ಒರೆಸುತ್ತಿದ್ದೆ. ಒಂದೊಂದೇ ಮುಚ್ಚಳ ತೆಗೆದು ನೀರು ಹುಯ್ಯುತ್ತಿದ್ದೆ. ಗೆರೆಗೆ ನಿಲ್ಲಿಸಲು ಕೈ ಬರುತ್ತಿರಲಿಲ್ಲ. ಮಗುವಿನ ಲೋಟಕ್ಕೆ ಹಾಲು ಹುಯ್ಯುವಾಗಲೂ ನಾನು ಹಾಗೆಯೇ, ಇನ್ನೊಂಚೂರು ಇರಲಿ ಅನ್ನುವವಳು. ತುಂಬಿ ಹೊರಗೆ ಜಿನುಗಿದ್ದನ್ನು ಬಟ್ಟೆಯಲ್ಲಿ ಒರೆಸುತ್ತಿದ್ದೆ. ಆ ಬಟ್ಟೆ ಯಾಕೆ ತೂತುಬೀಳುತ್ತದೆ ಅಂತ ಯೋಚಿಸಲೇ ಇಲ್ಲ.

ಕ್ಯಾನು ಮುಗಿಯಿತು. ಹೊಸದು ತರಲು ನಾಗಮಂಗಲಕ್ಕೆ ಹೋದರೆ ಅರ್ಧ ದಿನ ಬೇಕು, ಕುರಿ ಮೇಯಿಸಲು ಬೇರೆ ಯಾರಿಲ್ಲ. ಊರಲ್ಲಿ ನಾಣ್ಯ ಹಾಕಿ ಹಿಡಿದುಕೊಳ್ಳುವ ಫಿಲ್ಟರ್ ನೀರು ಇತ್ತು. ರಂಜಿತ ಕುಡಿಯುವುದೂ ಅದನ್ನೇ. ಅದಕ್ಕಿಂತ ಚೊಕ್ಕಟ ನೀರು ನಾನು ಕಂಡಿರಲಿಲ್ಲ. ಅದನ್ನೇ ಕುದಿಸಿ, ಆರಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ ಹುಯ್ದೆ. ಇವರಿಗೆ ಹೇಳಬೇಕು ಅಂತಲೂ ಅನ್ನಿಸಲಿಲ್ಲ.

ಮಿಷನ್ನು ಚೆನ್ನಾಗಿಯೇ ಓಡುತ್ತಿತ್ತು. ಮೂಗಿಗೆ ಪೈಪಿನ ಮುಖವಾಡ ಕಟ್ಟಿಕೊಂಡು ರಂಜಿತ "ಅವ್ವಾ, ನಾನು ಆನೆ" ಅನ್ನುತ್ತಿದ್ದಳು.

ಆಷಾಢದಲ್ಲಿ ಮೂರು ದಿನ ಬಿಸಿಲೇ ಬರಲಿಲ್ಲ, ಜಡಿ ಮಳೆ. ಮೂರನೇ ಮಧ್ಯಾಹ್ನ ಅವಳಿಗೆ ಉಸಿರು ಹತ್ತಿತು. ಮಿಷನ್ನು ಹಾಕಿದೆ. ಎರಡು ನಿಮಿಷ ಗುಂಯ್ ಅಂದದ್ದು ಸಣ್ಣಗಾಯಿತು. ಇನ್ವರ್ಟರು ಕೂಗಿಕೊಂಡು ಆರಿಹೋಯಿತು. ಅವಳ ಪಕ್ಕೆಲುಬಿನ ಸಂದು ಒಳಗೆ ಎಳೆಯುತ್ತಿತ್ತು. ಮಾತಾಡಲು ಆಗದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಪ್ಲಾಸ್ಟಿಕ್ ಹಾಳೆ ಹೊದಿಸಿ ಬೈಕಿನಲ್ಲಿ ನಮ್ಮಿಬ್ಬರ ನಡುವೆ ಕೂರಿಸಿಕೊಂಡು ಬಿಂಡಿಗನವಿಲೆಯ ಆಸ್ಪತ್ರೆಗೆ ಹೋದೆವು. ತುಟಿಗೆ ಬಣ್ಣ ಬರಲು ಮುಕ್ಕಾಲು ಗಂಟೆ ಹಿಡಿಯಿತು.

ಮಾರನೇ ದಿನ ಬ್ಯಾಟರಿಯನ್ನು ಗೂಡ್ಸ್ ಆಟೋಗೆ ಹಾಕಿಕೊಂಡು ಮುಸವ್ವಿರಣ್ಣನ ಅಂಗಡಿಗೆ ಹೋದೆವು. ಇಳಿಸುವ ಮೊದಲೇ ಇವರು ಶುರುಮಾಡಿದರು.

"ಹಾಳ್ ಮಾಲ್ ಕೊಟ್ಬುಟ್ಟಿದ್ದೀಯಲ್ಲಾ! ಒಂದ್ ವರ್ಷ ತುಂಬಿಲ್ಲ. ನನ್ ಮಗಳು ಸತ್ತೋಯ್ತಿದ್ಲು ಕಣ್ಲಾ!"

"ತಡಿ ಅಶೋಕಣ್ಣ, ನೋಡೋಣ ತಡಿ."

ಮುಚ್ಚಳ ತೆಗೆದು ಗಾಜಿನ ಕೊಳವೆ ಇಳಿಬಿಟ್ಟು ಒಳಗಿನದನ್ನು ಹೀರಿದ. ಆಸಿಡ್ ಗಟ್ಟಿಯಿದ್ದರೆ ತೇಲಬೇಕಾದ, ಕೊಳವೆಯೊಳಗಿನ ಬೆಂಡು ಮೇಲೇಳಲಿಲ್ಲ, ತಳದಲ್ಲೇ ಕೂತಿತು. ಆರಕ್ಕೆ ಆರೂ ಹಾಗೆಯೇ.

"ಆಸಿಡ್ಡೆಲ್ಲ ತೆಳ್ಳಗಾಗೋಗದೆ, ಬರೀ ನೀರು. ಯಾವ್ ನೀರು ಹಾಕಿದ್ರಿ?"

"ನೀನ್ ಕೊಟ್ಟಿದ್ದೇ ಕಣಯ್ಯ!" ಇವರು ಅವನ ಅಂಗಿಗೆ ಕೈ ಹಾಕಲು ಹೋದರು.

"ಅಲ್ಲ" ಅಂದೆ. "ಫಿಲ್ಟರ್ ನೀರು. ನಾನೇ ಹಾಕ್ದೆ. ಕಾಯಿಸಿ, ಸೋಸಿ ಹಾಕ್ದೆ. ವಾರವಾರ ತುಂಬಿಸ್ದೆ."

ಇವರು ಕೈ ಕೆಳಗಿಳಿಸಿದರು. ಮುಸವ್ವಿರಣ್ಣ ಕೊಳವೆಯನ್ನು ನಿಧಾನವಾಗಿ ಒರೆಸಿದ. "ಯಾ ಅಲ್ಲಾ. ಅದ್ರಲ್ಲೂ ಉಪ್ಪಿನಂಶ ಇರ್ತದೆ ತಾಯಿ. ತುಂಬಿ ಚೆಲ್ತಾ ಇದ್ರೆ ಆಸಿಡ್ಡೂ ಹೋಗ್ತದೆ. ನೀನು ಸ್ವಲ್ಪ ಸೋಮಾರಿ ಆಗಿದ್ದಿದ್ರೆ ಇನ್ನೂ ಮೂರು ವರ್ಷ ಬರೋದು." ಕಂಪನಿಯವರು ಇದಕ್ಕೆ ಬದಲಿ ಕೊಡುವುದಿಲ್ಲ ಅಂತಲೂ ಹೇಳಿದ.

ಇವರು ಬೈದಿದ್ದರೆ ಚೆನ್ನಾಗಿತ್ತು. ಆಟೋದಲ್ಲಿ ಮನೆ ಹತ್ತಿರವಾದಾಗ ಮಾತ್ರ, "ಹೊಸ ಬ್ಯಾಟ್ರಿಗೆ ಮರಿಗಳ್ನ ಮಾರ್ಬೇಕು, ಅವು ಬೆಳಿಯೋಕೆ ವರ್ಷ ಬೇಕು. ಅಲ್ಲೀಗಂಟ ರಂಜಿತ ನಿಮ್ಮಕ್ಕನ್ ಮನೇಲಿರ್ಲಿ" ಅಂದರು. ಹೂಂ ಅಂದೆ.

ಭಾನುವಾರ ಕೆ.ಆರ್. ಪೇಟೆಯಲ್ಲಿ ಕುಳ್ಳಮ್ಮಕ್ಕ ಹಾಸಿಗೆಯ ಪಕ್ಕದಲ್ಲೇ ಪ್ಲಗ್ಗು ತೋರಿಸಿದಳು. ಮಿಷನ್ನು ನಿಲ್ಲದೆ ಪೂರ್ತಿ ಹತ್ತು ನಿಮಿಷ ಓಡಿತು. ರಂಜಿತಳ ಎದೆಯ ಸುಂಯ್ ಅನ್ನುವ ಸದ್ದು ಅಡಗಿತು. ಆಮೇಲೆ ಅವಳು ಅಕ್ಕನ ಮಕ್ಕಳ ಜೊತೆ ಬೀದಿಗೆ ಓಡಿದಳು. ಅವಳು ಓಡಿದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು.

ಹೊರಟಾಗ ಕರೆದೆ. ಬಂದು ನನ್ನ ಕೆನ್ನೆಗೆ ಕೆನ್ನೆ ಒತ್ತಿ, "ಬಸ್ಸು ಬಂದ್ಬುಡ್ತದೆ, ಹೋಗವ್ವ" ಅಂದು ಆಟಕ್ಕೆ ವಾಪಸು ಓಡಿದಳು.