ಎಮ್ಮೆಯ ಅಳತೆಯ ಗೇಟು

ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಎರಡನೆಯ ತಿಂಗಳಲ್ಲಿ ಹರಿಣಿ ಒಂದು ಸೈಕಲ್ ಕೊಂಡಳು. ಎಂವಿಪಿ ಕಾಲೋನಿಯ ಬಾಡಿಗೆ ಮನೆಯಿಂದ ಅವಳು ಕೆಲಸ ಮಾಡುವ ಬ್ಯಾಂಕಿಗೆ ಮೂರೇ ಕಿಲೋಮೀಟರು. ಅಷ್ಟು ಹತ್ತಿರಕ್ಕೆ ಬರಲು ಆಟೋದವರು ಮುಖ ಸಿಂಡರಿಸುತ್ತಿದ್ದರು. ನಡೆದು ಹೋದರೆ ಸಮುದ್ರದ ಕಡೆಯ ಸೆಕೆಗೆ ಬ್ಯಾಂಕು ಮುಟ್ಟುವಷ್ಟರಲ್ಲಿ ಬಟ್ಟೆಯೆಲ್ಲ ಮೈಗಂಟಿರುತ್ತಿತ್ತು. ಸೈಕಲ್ಲಿನಲ್ಲಾದರೆ ಗಾಳಿಯಾದರೂ ಮುಖಕ್ಕೆ ಬಡಿಯುತ್ತದೆ. ಮುಂದಿನ ಬುಟ್ಟಿಯಲ್ಲಿ ಊಟದ ಡಬ್ಬಿ ಇಟ್ಟುಕೊಂಡು, ಚೂಡಿದಾರದ ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು, ನಲವತ್ತಮೂರರ ಹರಿಣಿ ದಿನವೂ ಒಂಬತ್ತೂವರೆಗೆ ಬ್ಯಾಂಕಿನ ಜನರೇಟರ್ ಪಕ್ಕ ಇಳಿಯುತ್ತಿದ್ದಳು.

ಗಂಡ ಬಾಲಚಂದ್ರನಿಗೆ ಇದು ಸರಿಬರಲಿಲ್ಲ. ಅವನು ವಿಜಯವಾಡದ ಆಟೋನಗರ್‌ನಲ್ಲಿ ಲಾರಿ ಬಿಡಿಭಾಗಗಳ ಕಂಪನಿಯೊಂದರ ಆಫೀಸು ನೋಡಿಕೊಳ್ಳುತ್ತಿದ್ದ. ಶನಿವಾರ ಸಂಜೆ ರೈಲು ಹತ್ತಿ ಬಂದು ಭಾನುವಾರ ಸಂಜೆ ಹಿಂದಿರುಗುತ್ತಿದ್ದ. ಇಬ್ಬರೂ ದಾವಣಗೆರೆಯವರು.

"ಆಫೀಸರ್ ಆಗಿ ಸೈಕಲ್ ತುಳ್ಕೊಂಡು ಹೋದ್ರೆ ಕೊರಿಯರ್ ತಂದೋಳು ಅಂದ್ಕೊಂತಾರೆ ಜನ," ಎಂದು ಫೋನಿನಲ್ಲಿ ರೇಗಿಸಿದ.

"ಅಂದ್ಕೊಳ್ಳಿ ಬಿಡ್ರಿ. ಕೊರಿಯರ್‌ನೋರಿಗೆ ನೀರಾದ್ರೂ ಕೇಳ್ತಾರೆ. ಆಫೀಸರ್‌ಗೆ ಯಾರು ಕೇಳ್ತಾರೆ?" ಎಂದಳು ಹರಿಣಿ.

ಕಾಲಿಗೆ ಅಭ್ಯಾಸವಾದ ಮೇಲೆ ಊರು ಚಿಕ್ಕದಾಗತೊಡಗಿತು. ಒಂದು ಭಾನುವಾರ ಬೆಳಗಿನ ಐದಕ್ಕೆ ಹೊರಟವಳು ಮಧುರವಾಡ ದಾಟಿ, ಆನಂದಪುರದ ಕಡೆ ತಿರುಗಿ, ಗೋಡಂಬಿ ತೋಪುಗಳ ನಡುವಿನ ಮಣ್ಣುದಾರಿಯಲ್ಲಿ ಜೀಡಿಪಾಲೆಂ ಎಂಬ ಹಳ್ಳಿ ಸೇರಿದಳು. ಹಳ್ಳಿಯಾಚೆ ಒಂದು ಕಿಲೋಮೀಟರ್ ಉದ್ದದ ಏರಿ, ಏರಿಯ ಕೊನೆಗೆ ಕೆರೆ, ಕೆರೆಯ ಹಿಂದೆ ಹಸಿರು ಬೆಟ್ಟಗಳ ಸಾಲು. ನೀರಿನ ಅರ್ಧಕ್ಕೆ ತಾವರೆಯೆಲೆ ಹಾಸಿತ್ತು. ಎಲೆಗಳ ಮೇಲೆ ನೀರುಕೋಳಿಗಳು ಮನೆಯಂಗಳದಲ್ಲಿ ಓಡಾಡುವಂತೆ ಓಡಾಡುತ್ತಿದ್ದವು. ಹರಿಣಿ ಸೈಕಲ್ಲನ್ನು ತಾಳೆಮರಕ್ಕೆ ಒರಗಿಸಿ ಒಂದು ಗಂಟೆ ಸುಮ್ಮನೆ ಕೂತಳು.

ಅವಳು ಕೂತ ಕೂಡಲೇ ಅಲ್ಲಿಗೆ ಎಮ್ಮೆ ಹೊಡೆದುಕೊಂಡು ಬಂದವಳು ಕೋಟೇಶ್ವರಮ್ಮ. ಅರವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಬೆವರಿದ ಅಪರಿಚಿತೆಯನ್ನು ನೋಡಿ ತನ್ನ ಚೊಂಬಿನ ಮಜ್ಜಿಗೆ ಮುಂದೆ ಹಿಡಿದಳು. ಏದುಸಿರು ಬಿಡುತ್ತಿದ್ದ ಹರಿಣಿ, ಗಡಿಬಿಡಿ ಬೇಡ, ಆಮೇಲೆ ಕುಡಿಯುತ್ತೇನೆ ಎನ್ನಲು ಹೋಗಿ, ತನಗೆ ಬಂದಷ್ಟು ತೆಲುಗಿನಲ್ಲಿ "ಅವಸರಂ ಲೇದು" ಎಂದಳು. ತೆಲುಗಿನಲ್ಲಿ ಅದರ ಅರ್ಥ ನನಗೆ ಬೇಕಾಗಿಲ್ಲ ಎಂದು. ಕೋಟೇಶ್ವರಮ್ಮ ಮುಖ ಗಂಟುಹಾಕಿ ಚೊಂಬು ಹಿಂದಕ್ಕೆಳೆದುಕೊಂಡು ತಾನೇ ಅರ್ಧ ಕುಡಿದುಬಿಟ್ಟಳು. ತಪ್ಪು ಏನೆಂದು ತಿಳಿಯಲು ಹತ್ತು ನಿಮಿಷದ ಕೈಸನ್ನೆ ಬೇಕಾಯಿತು. ತಿಳಿದ ಮೇಲೆ ಮುದುಕಿ ನಕ್ಕ ನಗುವಿಗೆ ಎಮ್ಮೆಗಳೂ ತಿರುಗಿ ನೋಡಿದವು. ಉಳಿದರ್ಧ ಮಜ್ಜಿಗೆ ಹರಿಣಿಗೆ ಸಿಕ್ಕಿತು. ಅಂದಿನಿಂದ ಅವಳು ಜೀಡಿಪಾಲೆಂಗೆ 'ಸೈಕಿಲಮ್ಮ'.

ಆ ದಿನ ಮನೆಗೆ ಬಂದ ಹರಿಣಿ ಒಂದು ಕೆಲಸ ಮಾಡಿದಳು. ಕೆರೆಯ ನಾಲ್ಕು ಫೋಟೊಗಳನ್ನು, ಹೋಗುವ ದಾರಿಯ ಗುರುತಿನ ಸಮೇತ, ಫೋನಿನ ಸ್ಟೇಟಸ್ಸಿಗೂ ಊರಿನ ಸೈಕಲ್ ಸವಾರರ ಗುಂಪಿಗೂ ಹಾಕಿದಳು. 'ಇಂಥ ಜಾಗ ಇಷ್ಟು ಹತ್ತಿರದಲ್ಲಿ!' ಎಂದು ಬರೆದಳು. ಬ್ಯಾಂಕಿನವರೆಲ್ಲ ಮೆಚ್ಚಿದರು. ಯಾರೋ ಅದನ್ನು ಇನ್ನಾರಿಗೋ ಕಳಿಸಿದರು. ಅವರು ಮತ್ತೊಂದಿಷ್ಟು ಜನರಿಗೆ ಕಳಿಸಿದರು.

ಮುಂದಿನ ಎರಡು ತಿಂಗಳು ಆಡಿಟ್ ಕೆಲಸ, ಮಳೆ, ಜ್ವರ ಎಂದು ಅವಳಿಗೆ ಆ ಕಡೆ ಹೋಗಲಾಗಲಿಲ್ಲ. ಅಷ್ಟರಲ್ಲಿ ಕಾರ್ತಿಕ ಮಾಸ ಬಂದು ಹೋಗಿತ್ತು. ಆ ಸೀಮೆಯಲ್ಲಿ ಕಾರ್ತಿಕವೆಂದರೆ ವನಭೋಜನ. ಮನೆಮಂದಿ, ಆಫೀಸಿನವರು, ಸಂಘದವರು ತೋಪು ಹುಡುಕಿಕೊಂಡು ಹೋಗಿ ಉಂಡು ಬರುವುದು ರೂಢಿ. ಈ ಸಲ ಎಲ್ಲರಿಗೂ ಒಂದು ಹೊಸ ಜಾಗ ಗೊತ್ತಾಗಿತ್ತು.

ಮಾರ್ಗಶಿರದ ಒಂದು ಭಾನುವಾರ ಹರಿಣಿ ಏರಿಯ ಮೇಲೆ ಸೈಕಲ್ ಹತ್ತಿಸಿದಾಗ ಮೊದಲು ಕಂಡದ್ದು ಕಾರಿನ ಚಕ್ರ ಕೊರೆದ ಗುಂಡಿಗಳು. ಮುಂದೆ ಹೋದಂತೆ ಕಾಗದದ ತಟ್ಟೆ, ಬಿರಿಯಾನಿ ಡಬ್ಬಿ, ನೀರಿನ ಬಾಟಲಿ. ತಾಳೆಮರದ ಬುಡದಲ್ಲಿ ಬಿಯರ್ ಬಾಟಲಿಗಳ ಚೂರು ಬಿಸಿಲಿಗೆ ಹೊಳೆಯುತ್ತಿತ್ತು. ಒಂದು ನೀಲಿ ಚೀಲ ತಾವರೆಯೆಲೆಗಳ ನಡುವೆ ಊದಿಕೊಂಡು ತೇಲುತ್ತಿತ್ತು. ನೀರುಕೋಳಿಗಳು ಆಚೆ ದಡ ಸೇರಿದ್ದವು.

ಕೋಟೇಶ್ವರಮ್ಮ ಮನೆಯ ಮುಂದೆ ಕೂತಿದ್ದಳು. ಅವಳ ದೊಡ್ಡೆಮ್ಮೆ ರಾಣಿಯ ಮುಂಗಾಲಿಗೆ ಬಟ್ಟೆ ಸುತ್ತಿತ್ತು.

"ಗಾಜು ಹೊಕ್ಕಿತು," ಎಂದಳು ಮುದುಕಿ. "ಡಾಕ್ಟರು ನಾಲ್ಕು ಹೊಲಿಗೆ ಹಾಕಿದ. ಯಾರೋ ಫೋನಿನಲ್ಲಿ ನಮ್ಮ ಕೆರೆಯ ಬೊಮ್ಮೆ, ಅದೇ ಚಿತ್ರ, ಹಾಕಿದ್ದಾರಂತೆ. ಅದನ್ನು ನೋಡಿಕೊಂಡು ಎಲ್ಲರೂ ಬರುತ್ತಿದ್ದಾರೆ. ಯಾರು ಆ ಪುಣ್ಯಾತ್ಮರು ಅಂತ ಸಿಕ್ಕಿದರೆ ಕೇಳಬೇಕು."

ಹರಿಣಿ ಗೊತ್ತಿಲ್ಲವೆಂದು ಎದ್ದು ಬರಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಸೈಕಲ್ಲಿನ ಹ್ಯಾಂಡಲನ್ನು ಎರಡು ಸಲ ಒರೆಸಿದಳು, ಆಮೇಲೆ ಹೇಳಿದಳು.

"ನಾನೇ ಅಮ್ಮಾ. ಆ ಬೊಮ್ಮೆ ಹಾಕಿದ್ದು ನಾನೇ."

ಕೋಟೇಶ್ವರಮ್ಮ ರಾಣಿಯ ಬೆನ್ನ ಮೇಲಿನ ನೊಣ ಓಡಿಸಿದಳು. ಕೊನೆಗೆ, "ಚೆನ್ನಾಗಿದೆ ಅಂತಲೇ ತಾನೆ ಹಾಕಿದ್ದು?" ಎಂದಳು.

"ಹೌದು."

"ಚೆನ್ನಾಗಿಯೇ ಇತ್ತು. ಈಗ ಏನು ಮಾಡುತ್ತೀ?"

ಹರಿಣಿ ಅಲ್ಲೇ ನಿಂತು ಫೋಟೊಗಳನ್ನು ತೆಗೆದುಹಾಕಿದಳು. ಅದರಿಂದ ಏನೂ ಆಗದೆಂದು ಇಬ್ಬರಿಗೂ ಗೊತ್ತಿತ್ತು. ಆಮೇಲಿನ ಎರಡು ಭಾನುವಾರ ಗೋಣಿಚೀಲ ತಂದು ಗಾಜು ಆರಿಸಿದಳು. ಆರಿಸಿದಷ್ಟೂ ಸಂಜೆಗೆ ಹೊಸದು ಬೀಳುತ್ತಿತ್ತು. ಒಬ್ಬ ಕಾರಿನವನಂತೂ ಅವಳ ಗೋಣಿಚೀಲ ನೋಡಿ, ತನ್ನ ಖಾಲಿ ಬಾಟಲಿಗಳನ್ನೂ ಅದರಲ್ಲೇ ಹಾಕಿಕೊಳ್ಳಲು ಹೇಳಿ ಹೋದ.

ಎರಡನೆಯ ಭಾನುವಾರ ರಾತ್ರಿಯ ಊಟಕ್ಕೆ ಮೊದಲೇ ಅವಳು, ಕೆಲಸದ ಒತ್ತಡದಿಂದ ಆ ವಾರಗಳಲ್ಲಿ ಬರಲಾಗದಿದ್ದ ಬಾಲಚಂದ್ರನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿಕೊಂಡಳು. ಅವನು ಈ ಸಲ ರೇಗಿಸಲಿಲ್ಲ.

"ಕಾರು ಕೆರೆತಂಕ ಹೋಗೋದು ನಿಂತ್ರೆ ಅರ್ಧ ಕೆಲ್ಸ ಆದಂಗೆ," ಎಂದ. "ಒಂದು ಕಿಲೋಮೀಟ್ರು ಬಾಟ್ಲಿ ಕ್ರೇಟು ಹೊತ್ಕೊಂಡು ಯಾರು ನಡೀತಾರೆ? ಒಂದು ಗೇಟ್ ಹಾಕ್ಬೇಕು."

"ಗೇಟ್ ಹಾಕಿದ್ರೆ ಎಮ್ಮೆ ಹೆಂಗೆ ಹೋಗ್ತಾವ್ರಿ?"

"ಹಂಗಾದ್ರೆ ಎಮ್ಮೆ ಹೋಗೋವಷ್ಟೇ ಜಾಗ ಬಿಡೋಣ. ಅಳತೆ ತಗೊಂಡ್ ಬಾ."

ಪಂಚಾಯಿತಿ ಅಧ್ಯಕ್ಷ ಸೂರ್ಯಪ್ರಕಾಶ ಮೊದಲು ತಲೆ ಕೆರೆದುಕೊಂಡ. ಬರುವ ಜನರಿಂದ ಹಳ್ಳಿಯ ಸೋಡಾ ಅಂಗಡಿಗೆ ವ್ಯಾಪಾರ ಆಗುತ್ತಿತ್ತು. ಆಗ ಕೋಟೇಶ್ವರಮ್ಮ ರಾಣಿಯನ್ನು ಅವನ ಮನೆಯ ಮುಂದೆಯೇ ತಂದು ನಿಲ್ಲಿಸಿ, ಬಟ್ಟೆ ಬಿಚ್ಚಿ ಗಾಯ ತೋರಿಸಿದಳು. "ನಾಳೆ ಇದು ನಿನ್ನ ಮೊಮ್ಮಗಳ ಕಾಲು," ಎಂದಳು. ಸೂರ್ಯಪ್ರಕಾಶ ಒಪ್ಪಿದ. ಟ್ರ್ಯಾಕ್ಟರುಗಳಿಗೆ ಕೆರೆಯ ಆಚೆ ಬದಿಯಿಂದ ಹೊಲದ ದಾರಿ ಇತ್ತು. ಏರಿಯ ಮೇಲೆ ಹೋಗಬೇಕಾದವರು ದನ ಮತ್ತು ಮನುಷ್ಯರು ಮಾತ್ರ. ಪಂಚಾಯಿತಿಯಲ್ಲಿ ಗೊತ್ತುವಳಿಯೂ ಆಯಿತು. ಗೇಟಿನ ಆಚೆ ವಾಹನ ನಿಲ್ಲಿಸಿ ನಡೆದು ಬಂದವರಿಗೆ ಬಾಯಾರಿಕೆ ಇನ್ನೂ ಹೆಚ್ಚೇ ಆಗುತ್ತದೆ ಎಂದು ಸೋಡಾ ಅಂಗಡಿಯವನನ್ನೂ ಒಪ್ಪಿಸಿದರು.

ಹಳ್ಳಿಯಲ್ಲಿ ಎಲ್ಲಕ್ಕಿಂತ ದಪ್ಪ ಎಮ್ಮೆ ರಾಣಿ. ಹರಿಣಿ ದರ್ಜಿಯ ಟೇಪು ಹಿಡಿದು ಅಳತೆಗೆ ನಿಂತಳು. ಟೇಪು ಹೊಟ್ಟೆಗೆ ತಾಗಿದ ಕೂಡಲೇ ರಾಣಿ ಕಚಗುಳಿಯಾದಂತೆ ಪಕ್ಕಕ್ಕೆ ಸರಿಯಿತು. ಮೂರು ಸಲ ಮೂರು ಬೇರೆ ಅಳತೆ ಬಂತು. ಕೊನೆಗೆ ಎರಡು ಕಡೆ ಎರಡು ಕೋಲು ನೆಟ್ಟು, ನಡುವೆ ರಾಣಿಯನ್ನು ನಡೆಸಿ, ಕೋಲುಗಳ ಅಂತರ ಅಳೆದು, ಅದಕ್ಕೆ ಒಂದು ಗೇಣು ಸೇರಿಸಿದರು. "ಬಸುರಿಯಾದಾಗ?" ಎಂದು ಕೋಟೇಶ್ವರಮ್ಮ ಕೇಳಿದಳು. ಇನ್ನೊಂದು ಗೇಣು ಸೇರಿತು.

ಬಾಲಚಂದ್ರ ಆಟೋನಗರ್‌ನ ವೆಲ್ಡಿಂಗ್ ಶೆಡ್ಡೊಂದರಲ್ಲಿ ಕೂತು ಗೇಟು ಮಾಡಿಸಿದ. ಹಳೆಯ ಲಾರಿಯ ದಪ್ಪ ಪೈಪುಗಳು. ಎರಡು ಕಂಬ, ಅವುಗಳ ನಡುವೆ ನೆಲದಿಂದ ಒಂದಡಿ ಎತ್ತರಕ್ಕೆ ಒಂದು ಅಡ್ಡಪೈಪು. ಎಮ್ಮೆ ಅದನ್ನು ದಾಟಿ ಕಾಲಿಡಬಹುದು, ಸೈಕಲ್ಲನ್ನು ಎತ್ತಿ ದಾಟಿಸಬಹುದು. ಮೋಟಾರ್ ಬೈಕ್ ಎತ್ತಲು ಭೀಮನೇ ಬರಬೇಕು. ಲಾರಿಗಳಿಗೆ ಚಿತ್ರ ಬರೆಯುವ ಶೇಷಗಿರಿ ಎಂಬಾತ ವಿಷಯ ಕೇಳಿ, ತಾನಾಗಿಯೇ ಹಳದಿ ಬಣ್ಣ ಬಳಿದು, ಎರಡೂ ಕಂಬಗಳ ಮೇಲೆ ತಾವರೆ ಬಿಡಿಸಿ, ಒಂದು ಫಲಕದಲ್ಲಿ ದೊಡ್ಡ ತೆಲುಗು ಅಕ್ಷರಗಳಲ್ಲಿ ಬರೆದುಕೊಟ್ಟ: 'ಎಮ್ಮೆಗೆ, ಸೈಕಲ್ಲಿಗೆ, ಕಾಲ್ನಡಿಗೆಗೆ ಮಾತ್ರ ದಾರಿ. ತಂದದ್ದನ್ನು ವಾಪಸು ಒಯ್ಯಿರಿ.' ವಿಶಾಖಪಟ್ಟಣದ ಗಾಜುವಾಕಕ್ಕೆ ಸರಕು ತರುವ ಲಾರಿಯೊಂದರ ಮೇಲೆ ಗೇಟು ಬಂತು. ಅಲ್ಲಿಂದ ಆಟೋ ಟ್ರಾಲಿಯಲ್ಲಿ ಜೀಡಿಪಾಲೆಂ ಸೇರಿತು.

ಸಂಕ್ರಾಂತಿ ಕಳೆದ ಮೊದಲ ಭಾನುವಾರ ಗೇಟಿನ ಪರೀಕ್ಷೆ. ಕಾಂಕ್ರೀಟು ಗಟ್ಟಿಯಾಗಿತ್ತು. ಗೇಟಿನ ಎರಡೂ ಬದಿಗೆ ಏರಿಯ ಇಳಿಜಾರಿನವರೆಗೂ ಕಲ್ಲುಕಂಬ ನೆಟ್ಟಾಗಿತ್ತು. ರಾಣಿಯ ಕಾಲೂ ವಾಸಿಯಾಗಿತ್ತು. ಊರೆಲ್ಲ ಸೇರಿತ್ತು. ರಾಣಿ ಗಂಭೀರವಾಗಿ ನಡೆದು ಬಂದು, ಹಳದಿ ಕಂಬಗಳನ್ನು ನೋಡಿ, ನಿಂತುಬಿಟ್ಟಿತು. ಹೊಡೆದರೂ ಇಲ್ಲ, ಬೈದರೂ ಇಲ್ಲ. ಹಿಂದಿನ ಎಂಟು ಎಮ್ಮೆಗಳೂ ನಿಂತವು. ಸೂರ್ಯಪ್ರಕಾಶ ಬಾಲಚಂದ್ರನನ್ನು ನೋಡಿದ. ಬಾಲಚಂದ್ರ ತನ್ನ ಚಪ್ಪಲಿ ನೋಡಿಕೊಂಡ.

"ಬಣ್ಣ ಹಿಡಿಸ್ಲಿಲ್ವೋ ಏನೋ," ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ.

ಕೋಟೇಶ್ವರಮ್ಮ ಯಾರನ್ನೂ ಕೇಳದೆ ಗೇಟಿನ ಆಚೆ ಹೋಗಿ, ಕೆರೆಯ ಕಡೆ ಮುಖ ಮಾಡಿ, ಹಿಂತಿರುಗಿ ನೋಡದೆ ನಡೆಯತೊಡಗಿದಳು. ಇಪ್ಪತ್ತು ಹೆಜ್ಜೆಗೆ ರಾಣಿ ಒಮ್ಮೆ ಕೂಗಿತು. ಮೂವತ್ತನೆಯ ಹೆಜ್ಜೆಗೆ ಅಡ್ಡಪೈಪಿನ ಆಚೆ ಒಂದು ಕಾಲೆತ್ತಿಟ್ಟಿತು, ಆಮೇಲೆ ಇನ್ನೊಂದು. ಹೊಟ್ಟೆ ಕಂಬಗಳ ನಡುವೆ ಆರಾಮವಾಗಿ ಹಾದುಹೋಯಿತು. ಜನ ಸಿಳ್ಳೆ ಹೊಡೆದರು. ಬಾಲಚಂದ್ರನ ಕೈಯನ್ನು ಯಾರು ಯಾರೋ ಕುಲುಕಿದರು.

ಹನ್ನೊಂದರ ಹೊತ್ತಿಗೆ ಮೊದಲ ಕಾರು ಬಂತು. ಬಿಳಿ ಬಣ್ಣದ ದೊಡ್ಡ ಕಾರು. ಇಳಿದವರನ್ನು ನೋಡಿ ಹರಿಣಿಗೆ ಎಲ್ಲಿಯಾದರೂ ಅಡಗಿಕೊಳ್ಳೋಣವೆನಿಸಿತು. ಅವಳ ಬ್ರಾಂಚ್ ಮ್ಯಾನೇಜರ್ ಕಾಮೇಶ್ವರ, ಜೊತೆಗೆ ಅವರ ಹೆಂಡತಿ ಉಷಶ್ರೀ. ಕಲ್ಲುಕಂಬಗಳ ಬುಡದ ಸಂದಿ ಮುಚ್ಚುತ್ತಿದ್ದ ಹರಿಣಿಯ ಕೈತುಂಬ ಸಿಮೆಂಟು, ಮುಖಕ್ಕೂ ಒಂದಿಷ್ಟು ಮೆತ್ತಿತ್ತು.

"ಏನಮ್ಮಾ ಇದು? ಹೋದ ಸಲ ಕೆರೆಯವರೆಗೆ ಕಾರು ಹೋಗಿತ್ತಲ್ಲ," ಎಂದರು ಕಾಮೇಶ್ವರ. ಅಷ್ಟರಲ್ಲಿ ಗುರುತು ಹತ್ತಿ, "ಹರಿಣಿಗಾರು! ನೀವಾ?" ಎಂದರು.

"ನಾನೇ ಸರ್. ಇಲ್ಲಿಂದ ನಡೆಯಬೇಕು."

"ನಾನೂನಾ?"

ಏರಿಯ ಮೇಲೆ ಮೇಯುತ್ತಿದ್ದ ದೊಡ್ಡೆಮ್ಮೆಯ ಕಡೆ ಕೈ ತೋರಿಸಿ ಉತ್ತರ ಕೊಟ್ಟವಳು ಕೋಟೇಶ್ವರಮ್ಮ. "ನಮ್ಮ ರಾಣಿಯೇ ನಡೆಯುತ್ತಾಳೆ ಬಾಬೂ," ಎಂದಳು.

ಉಷಶ್ರೀ ಜೋರಾಗಿ ನಕ್ಕುಬಿಟ್ಟರು. ನಗುತ್ತಲೇ ಅವರ ಕಣ್ಣು ಸೈಕಲ್ಲಿನ ಮೇಲೆ ಬಿತ್ತು. "ಶಾಲೆಗೆ ಹೋಗುವಾಗ ವಿಜಯನಗರಂನಲ್ಲಿ ದಿನಾ ತುಳಿಯುತ್ತಿದ್ದೆ. ಒಂದು ಸಲ ಕೊಡುತ್ತೀರಾ?" ಎಂದರು. ಹರಿಣಿ ಸೈಕಲ್ ಎತ್ತಿ ದಾಟಿಸಿ ಕೊಟ್ಟಳು. ಉಷಶ್ರೀ ಮೊದಲ ಹತ್ತು ಮಾರು ಹಾವಿನಂತೆ ಹೋದರು. ಆಮೇಲೆ ನೆಟ್ಟಗಾಗಿ, ಬೆಲ್ಲು ಬಾರಿಸುತ್ತ ಏರಿಯ ಮೇಲೆ ಸಣ್ಣಗಾಗುತ್ತ ಹೋದರು.

ಹರಿಣಿ, ಕಾಮೇಶ್ವರ ಹಿಂದೆ ನಡೆದರು. ತಾಳೆಮರದ ಹತ್ತಿರ ಬಂದಾಗ ಕಾಮೇಶ್ವರ ನಿಂತರು.

"ಕಾರ್ತಿಕದಲ್ಲಿ ಸ್ನೇಹಿತರ ಜೊತೆ ಬಂದಿದ್ದೆ. ಮೂರು ಕಾರು," ಎಂದರು. "ಒಬ್ಬ ಆ ಬಂಡೆಗೆ ಬಾಟಲಿ ಹೊಡೆದ. ನಾನು ಏನೂ ಅನ್ನಲಿಲ್ಲ. ನಕ್ಕೆ."

"ನಿಮಗೆ ಈ ದಾರಿ ತೋರಿಸಿದ ಸ್ಟೇಟಸ್ ನನ್ನದೇ ಸರ್," ಎಂದಳು ಹರಿಣಿ. "ಇನ್ನೂ ಒಂದಿಷ್ಟು ಗಾಜು ಆ ಪೊದೆಯಲ್ಲಿದೆ. ನನ್ನ ಹತ್ತಿರ ಎರಡು ಗೋಣಿಚೀಲ ಇವೆ."

ಕಾಮೇಶ್ವರ ಪ್ಯಾಂಟಿನ ಕಾಲು ಮಡಚಿದರು. ಬ್ಯಾಂಕಿನಲ್ಲಿ ಒಂದೊಂದು ಸಹಿಯನ್ನೂ ಮೂರು ಸಲ ನೋಡುವ ಮನುಷ್ಯ, ಅದೇ ನಿಧಾನದಿಂದ ಪೊದೆಯ ಬುಡ ಬುಡ ತಡಕಿ ಚೂರು ಹೆಕ್ಕಿದರು. ಒಂದು ಗಂಟೆಯಲ್ಲಿ ಚೀಲ ತುಂಬಿತು. ಹೊರುವಾಗ ಗೇಟಿನ ಕಡೆಯಿಂದ ಬಂದ ಬಾಲಚಂದ್ರ ಒಂದು ತುದಿ ಹಿಡಿದ. ಗೇಟಿನ ಬಳಿ ಕೋಟೇಶ್ವರಮ್ಮ ಕಾರಿನ ಡಿಕ್ಕಿಯಲ್ಲಿ ತಾನೇ ಹಳೆಯ ಚಾಪೆ ಹಾಸಿ, ಗಾಜು ಚುಚ್ಚದಂತೆ ಚೀಲ ಇಡಿಸಿದಳು.

ಎಲ್ಲ ಮುಗಿದು ಕೈ ತೊಳೆದುಕೊಂಡರೂ ಉಷಶ್ರೀ ಬರಲಿಲ್ಲ. ಕಾಮೇಶ್ವರ ಹುಬ್ಬಿಗೆ ಕೈಯಿಟ್ಟು ಏರಿಯ ಕಡೆ ನೋಡಿದರು.

"ಇದು ಎಷ್ಟನೇ ಸುತ್ತು?"

"ನಾಲ್ಕನೇದು," ಎಂದ ಬಾಲಚಂದ್ರ. "ಕರೀಬೇಡಿ ಸರ್. ನನ್ನ ರೈಲಿಗೆ ಇನ್ನೂ ಐದು ಗಂಟೆ ಇದೆ. ನಾನೂ ಕಾಯ್ತಾ ಇದ್ದೀನಿ, ಮುಂದಿನ ಸುತ್ತು ನನ್ನದು."

ಹರಿಣಿ ತಿರುಗಿ ಗಂಡನ ಮುಖವನ್ನೇ ನೋಡಿದಳು. ಅವನು ಆಗಲೇ ಶರ್ಟಿನ ತೋಳು ಮಡಚಿಕೊಳ್ಳುತ್ತಿದ್ದ.