ಅತ್ತೆ ಎಳೆದ ಗೆರೆ

ನಮ್ಮ ಮನೆಯಿಂದ ನದಿಗೆ ನಲವತ್ತು ಹೆಜ್ಜೆ. ಅಪ್ಪನ ಹೆಜ್ಜೆಯಲ್ಲಿ ಅಷ್ಟು. ನನ್ನದರಲ್ಲಿ ಅರವತ್ತು ದಾಟುತ್ತಿತ್ತು. ತಾತ ದೋಣಿ ನಡೆಸುತ್ತಿದ್ದ ಜಾಗ ಅದು. ಅವನ ನಂತರ ಹುಟ್ಟು ಅಪ್ಪನ ಕೈಗೆ ಬಂದಿತ್ತು. ಹುಟ್ಟಿದಾಗಿನಿಂದ ಕಿವಿಯಲ್ಲೇ ಇದ್ದ ನೀರಿನದು ಒಂದು ಸದ್ದು ಎಂದೇ ನನಗೆ ಎಷ್ಟೋ ವರ್ಷ ಗೊತ್ತಿರಲಿಲ್ಲ. ನರ್ಸಿಂಗ್ ಓದಲು ಪಟ್ಟಣಕ್ಕೆ ಬಂದು ಅತ್ತೆಯ ಮನೆಯಲ್ಲಿ ಉಳಿದ ಮೊದಲ ರಾತ್ರಿ, ಏನನ್ನೋ ಕಳೆದುಕೊಂಡವಳಂತೆ ಹಾಸಿಗೆಯಲ್ಲಿ ಎದ್ದು ಕೂತಿದ್ದೆ. ಅತ್ತೆ ನೋಡಿ ನಕ್ಕಳು. ತನಗೂ ಹಾಗೇ ಆಗಿತ್ತು, ಕಿವಿ ಒಗ್ಗುವುದಕ್ಕೆ ಒಂದು ತಿಂಗಳಾದರೂ ಬೇಕು ಎಂದಳು.

ಅತ್ತೆ ಅಪ್ಪನ ಒಬ್ಬಳೇ ತಂಗಿ. ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದಳು. ಕಂಪ್ಯೂಟರ್ ಬಂದು ವರ್ಷಗಳಾಗಿದ್ದರೂ ಮುಖ್ಯವಾದ ನಕ್ಷೆಯ ಕೊನೆಯ ಪ್ರತಿಯನ್ನು ಅವಳ ಕೈಯಲ್ಲೇ ಬರೆಸುತ್ತಿದ್ದರು. ಗೆರೆ ತಪ್ಪಿದರೆ ಅರ್ಧ ಬ್ಲೇಡಿನಿಂದ ಮೆಲ್ಲಗೆ ಕೆರೆದು, ಉಗುರಿನ ಬೆನ್ನಿನಿಂದ ಉಜ್ಜಿ, ಅಲ್ಲಿ ಏನೂ ಆಗಿಲ್ಲವೇನೋ ಎನ್ನುವಂತೆ ಮಾಡಿಬಿಡುತ್ತಿದ್ದಳು. ನಡುಬೆರಳಲ್ಲಿ ಪೆನ್ನು ಒತ್ತಿ ಒತ್ತಿ ಕಡಲೆಕಾಳಿನಷ್ಟು ಗಂಟು ಬಂದಿತ್ತು.

ಅವಳ ನಿವೃತ್ತಿಗೆ ಹತ್ತು ತಿಂಗಳಿದ್ದಾಗ ಸರ್ಕಾರ ಒಂದು ಸಮಿತಿ ಮಾಡಿತು. ಎಲ್ಲಿಯೂ ಕಟ್ಟೆಯಿಲ್ಲದೆ, ಸೇತುವೆಯಿಲ್ಲದೆ ತನ್ನ ಪಾಡಿಗೆ ಹರಿಯುವ ನದಿ ಆ ಸೀಮೆಯಲ್ಲಿ ನಮ್ಮದೊಂದೇ ಉಳಿದಿತ್ತಂತೆ. ಅದನ್ನು ಹಾಗೆಯೇ ಕಾಪಾಡಬೇಕೋ, ಅಣೆಕಟ್ಟಿಗೆ ಬಿಡಬೇಕೋ ಎಂದು ಹೇಳುವುದು ಸಮಿತಿಯ ಕೆಲಸ. ಮೂರು ಜನ: ಒಬ್ಬರು ನಿವೃತ್ತ ಎಂಜಿನಿಯರ್, ಒಬ್ಬರು ಮೀನುಗಳ ಬಗ್ಗೆ ಸಂಶೋಧನೆ ಮಾಡಿದ ಪ್ರೊಫೆಸರಮ್ಮ, ಮತ್ತೆ ನಮ್ಮ ಅತ್ತೆ. ಎಂಜಿನಿಯರ್ ಅಣೆಕಟ್ಟಿನ ಕಡೆ, ಪ್ರೊಫೆಸರಮ್ಮ ನದಿಯ ಕಡೆ ಎನ್ನುವುದು ಮೊದಲ ದಿನವೇ ಎಲ್ಲರಿಗೂ ಗೊತ್ತಾಯಿತು. ಉಳಿದವಳು ಅತ್ತೆ.

ಮೂವರೂ ನದಿಯ ಉದ್ದಕ್ಕೂ ನಡೆದು ನೋಡಲು ಬಂದಾಗ ನನಗೆ ರಜೆ, ಊರಿನ ಮನೆಯಲ್ಲೇ ಇದ್ದೆ. ಅತ್ತೆಯ ಬಾಯಿ ಬಿಡುವಿಲ್ಲದೆ ಆಡುತ್ತಿತ್ತು. ಇದು ಎಮ್ಮೆಬಂಡೆ, ಇದು ಮುದುಕಿಮಡು, ಇಲ್ಲಿ ಅಣ್ಣ ನನ್ನನ್ನು ಬೇಕೆಂದೇ ನೀರಿಗೆ ತಳ್ಳಿ ಈಜು ಕಲಿಸಿದ್ದು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಕಲ್ಲಿನಿಂದ ಕಲ್ಲಿಗೆ ದಾಟುವಾಗ ಅವಳು ಐವತ್ತೊಂಬತ್ತರವಳಂತೆ ಕಾಣಲಿಲ್ಲ. ಅಪ್ಪ ಹಿಂದೆಯೇ ಬರುತ್ತಿದ್ದ. ನಡುನಡುವೆ, ತಳ್ಳಲಿಲ್ಲ, ಅವಳೇ ಜಾರಿದ್ದು ಎಂದು ತಿದ್ದುತ್ತಿದ್ದ. ಎಂಜಿನಿಯರ್ ಕೂಡ ನಕ್ಕರು. ಅವತ್ತಿನ ಬಿಸಿಲು, ಅಪ್ಪ ಮಾಡಿಕೊಟ್ಟ ಸಕ್ಕರೆ ಹೆಚ್ಚಾದ ಟೀ, ಎಲ್ಲ ನನಗೆ ಈಗಲೂ ಹಾಗೇ ನೆನಪಿದೆ. ಅಣ್ಣತಂಗಿ ಅಷ್ಟು ಮಾತಾಡಿದ್ದನ್ನು ನಾನು ಆಮೇಲೆ ಬಹಳ ದಿನ ನೋಡಲಿಲ್ಲ.

ಕಾಪಾಡುವುದಕ್ಕೆ ಒಂದು ನಿಯಮವಿತ್ತು. ಎರಡೂ ದಡಕ್ಕೆ ಇನ್ನೂರು ಮೀಟರ್ ಬಿಟ್ಟು ಗೆರೆ ಎಳೆಯಬೇಕು. ಗೆರೆಯ ಒಳಗೆ ಮನೆ ಇರಬಾರದು, ದೋಣಿ ಇರಬಾರದು, ಯಾರೂ ನೀರಿಗೆ ಇಳಿಯಬಾರದು. ಅಣೆಕಟ್ಟಾದರೆ ನಮ್ಮ ಮನೆ ಮುಳುಗುತ್ತಿತ್ತು. ಕಾಪಾಡಿದರೆ ಖಾಲಿ ಮಾಡಬೇಕಿತ್ತು.

ಉಳಿದಿಬ್ಬರು ಜೀಪು ಹತ್ತಲು ಹೋದ ಮೇಲೆ ಅಪ್ಪ ಅಡುಗೆಮನೆಯಲ್ಲಿ ಅತ್ತೆಯನ್ನು ಕೇಳಿಯೇಬಿಟ್ಟ. ನಾನು ಲೋಟ ತೊಳೆಯುತ್ತಿದ್ದೆ.

"ಕಾಪಾಡೋದೇ ಆದ್ರೆ ಗೆರೆ ಎಳೆಯೋಳು ನೀನೇ ತಾನೆ? ನಮ್ಮನೆ ಹತ್ರ ಬಂದಾಗ ಕೈ ಸ್ವಲ್ಪ ವಾಲಿಸು. ಕಾಗದದ ಮೇಲೆ ಅಕ್ಕಿಕಾಳಿನಷ್ಟು. ಯಾರಿಗೆ ಗೊತ್ತಾಗುತ್ತೆ?"

ಅತ್ತೆ ಸೆರಗಿನ ತುದಿಯಿಂದ ಕೈ ಒರೆಸಿಕೊಂಡಳು. ಹೋದ ವಾರ ಮರಳಿನ ವ್ಯಾಪಾರಿ ಕಚೇರಿಗೆ ಬಂದಿದ್ದ, ದಡದಲ್ಲಿರುವ ತನ್ನ ಶೆಡ್ಡಿಗಾಗಿ ಇದನ್ನೇ ಕೇಳಿದ, ಆಗಲ್ಲ ಅಂದು ಕಳಿಸಿದೆ ಎಂದಳು.

"ನಾನೂ ಅವನೂ ನಿನಗೆ ಒಂದೇನಾ?"

"ನನಗಲ್ಲ ಅಣ್ಣ. ನಕ್ಷೆಗೆ."

ಅಪ್ಪ ಜೀಪಿನವರೆಗೆ ಬಿಡುವುದಕ್ಕೂ ಬರಲಿಲ್ಲ.

ಸಮಿತಿಯಲ್ಲಿ ಇಬ್ಬರು ಒಂದಾದರು, ನದಿ ಉಳಿಯಿತು. ಅತ್ತೆ ಕೊನೆಯ ನಕ್ಷೆ ಬರೆದ ದಿನ ನಾನು ಅವಳಿಗೆ ಊಟ ತೆಗೆದುಕೊಂಡು ಕಚೇರಿಗೆ ಹೋಗಿದ್ದೆ. ಮೇಜಿನ ದೀಪ ಬಗ್ಗಿಸಿಕೊಂಡು, ಉಸಿರು ಬಿಗಿಹಿಡಿದು, ಹಸಿರು ಮಸಿಯಲ್ಲಿ ಗೆರೆ ಎಳೆಯುತ್ತ ಬಂದಳು. ಎಮ್ಮೆಬಂಡೆ ದಾಟಿದ ಮೇಲೆ ಕೈ ನಿಂತಿತು. ಪೆನ್ನಿನಲ್ಲಿ ಮಸಿ ಇತ್ತು, ಆದರೂ ಎದ್ದು ಹೋಗಿ ಮಸಿ ತುಂಬಿಸಿಕೊಂಡು ಬಂದಳು. ಕನ್ನಡಕ ತೆಗೆದು ಒರೆಸಿದಳು. ಆಮೇಲೆ ಇನ್ನೂರು ಮೀಟರಿಗೆ ಸರಿಯಾಗಿ ಎಳೆದಳು. ನಮ್ಮ ಮನೆ, ಒಂದು ಪುಟ್ಟ ಕಪ್ಪು ಚೌಕ, ಗೆರೆಯ ಒಳಗೆ ಉಳಿಯಿತು. ತಂದ ಊಟ ಮುಟ್ಟಲಿಲ್ಲ.

ಅಪ್ಪ ಪಟ್ಟಣಕ್ಕೆ ಬಂದ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮಹಡಿ ಮೇಲೆ ಎರಡು ಕೋಣೆ. ಅತ್ತೆಯ ಮನೆಗೆ ಅಲ್ಲಿಂದ ನಾಲ್ಕೇ ಬೀದಿ, ಆದರೆ ಎರಡು ವರ್ಷ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ನನ್ನೊಂದಿಗೆ ಮಾತಾಡುವಾಗಲೂ ತಂಗಿಯ ಹೆಸರೆತ್ತುತ್ತಿರಲಿಲ್ಲ. 'ಆ ನಕ್ಷೆಯವಳು' ಎನ್ನುತ್ತಿದ್ದ. ಅವಳ ಬೀಳ್ಕೊಡುಗೆಗೂ ಹೋಗಲಿಲ್ಲ. ಅತ್ತೆ ಮಾತ್ರ ವಾರಕ್ಕೊಮ್ಮೆ ಬಂದು, ಬಾಗಿಲ ಬಳಿ ಚಪ್ಪಲಿ ಬಿಟ್ಟು, ಅರ್ಧ ಗಂಟೆ ಕೂತು, ಅವನ ಮೌನಕ್ಕೇ ಸಮಾಚಾರ ಹೇಳಿ ಹೋಗುತ್ತಿದ್ದಳು. ಅವಳಿಗೂ ಹಠವಿತ್ತು. ಒಂದು ಸಲ ಜ್ವರವೆಂದು ಅವಳು ಬರದಿದ್ದಾಗ ಅಪ್ಪ ಸಂಜೆಯವರೆಗೆ ಕಿಟಕಿಯ ಹತ್ತಿರವೇ ಕೂತಿದ್ದ. ಯಾಕೆ ಎಂದು ಕೇಳಿದರೆ ಗಾಳಿಗೆ ಎಂದ.

ಮೂರನೇ ವರ್ಷ ಇಲಾಖೆಯಿಂದ ಪತ್ರ ಬಂತು. ಮೊದಲು ಅಲ್ಲಿ ವಾಸವಿದ್ದವರು ಬಯಸಿದರೆ ಒಂದು ದಿನ ಬಂದು ನೋಡಿಕೊಂಡು ಹೋಗಬಹುದು ಎಂದು. ಅಪ್ಪ ಅದನ್ನು ಎರಡು ಸಲ ಓದಿ ಜೇಬಿಗಿಟ್ಟುಕೊಂಡ. ಸ್ವಲ್ಪ ಹೊತ್ತಾದ ಮೇಲೆ, "ನಿಮ್ಮತ್ತೇನೂ ಬರ್ತಾಳಾ ಕೇಳು" ಎಂದ.

ಮೂವರೂ ಹೋದೆವು. ಮನೆಯಿದ್ದ ಜಾಗದಲ್ಲಿ ಎದೆಯೆತ್ತರ ಹುಲ್ಲು. ಒಲೆ ಎಲ್ಲಿತ್ತು, ಬಾಗಿಲು ಯಾವ ಕಡೆ ಎಂದು ಅಪ್ಪ ಅತ್ತೆ ಒಬ್ಬರಿಗೊಬ್ಬರು ತೋರಿಸಿಕೊಂಡರು, ಒಂದಿಷ್ಟು ಜಗಳವಾಡಿದರು. ನೀರು ನಾನು ಕಂಡದ್ದಕ್ಕಿಂತ ತಿಳಿಯಾಗಿತ್ತು. ಮರಳು ತೆಗೆದ ಗುಂಡಿಗಳೆಲ್ಲ ತಾವಾಗಿಯೇ ಮುಚ್ಚಿಕೊಂಡಿದ್ದವು. ಅಪ್ಪ ದಡದ ಕಲ್ಲಿನ ಮೇಲೆ ಕೂತು, ಪ್ಯಾಂಟು ಮಡಚಿ, ಎರಡೂ ಕಾಲು ನೀರಿಗೆ ಬಿಟ್ಟ. ಕಣ್ಣು ಮುಚ್ಚಿದ.

ಕಾವಲುಗಾರ ಹತ್ತಿರ ಬಂದು, ಸಂಕೋಚದಿಂದಲೇ, ನೀರಿಗೆ ಇಳಿಯುವ ಹಾಗಿಲ್ಲ ಎಂದ. ಇವರು ಇದೇ ನೀರಲ್ಲಿ ಮೂವತ್ತು ವರ್ಷ ದೋಣಿ ನಡೆಸಿದವರು ಎಂದು ಹೇಳಲು ನನ್ನ ನಾಲಿಗೆ ತುದಿಗೆ ಬಂದಿತ್ತು. ಅಪ್ಪ ಕೈ ಎತ್ತಿ ನನ್ನನ್ನು ತಡೆದ. ಒಂದೊಂದಾಗಿ ಕಾಲು ಮೇಲೆತ್ತಿಕೊಂಡ.

"ಸರಿಯಾಗೇ ಕಾಯ್ತಿದ್ದಾನೆ," ಎಂದ, ಅತ್ತೆಯ ಕಡೆ ತಿರುಗಿ.

ಅತ್ತೆ ಅವನ ಪಕ್ಕ ಕೂತು ಸೆರಗು ಚಾಚಿದಳು. ಅಪ್ಪ ಅದರಲ್ಲೇ ಕಾಲು ಒರೆಸಿಕೊಂಡ.